ಬಿಳಿ ಬೂಸ್ಟು

ಗಡಿಯಾರ ರಿಪೇರಿಯಲ್ಲೇ ತಲೆ ನರೆತ ಯಜಮಾನರಿಗೆ ಮನೆಯಲ್ಲಿ ಅಣಬೆ ಬೆಳೆಯುವ ಹುಚ್ಚು ಹಿಡಿಯಿತು. ತಿಂಗಳಿಡೀ ಅಲೆದು ಒಣಹುಲ್ಲು, ಪ್ಲಾಸ್ಟಿಕ್ ಚೀಲ, ನೀರು ಚಿಮುಕಿಸುವ ಬಾಟಲಿ, ಕೊನೆಗೆ ಅಣಬೆ ಬೀಜವನ್ನೂ ಹೊಂದಿಸಿದರು. ಹುಲ್ಲು ಬೇಯಿಸಿ, ಬೀಜ ಹಾಕಿ ಚೀಲ ತುಂಬಿದವಳು ಮಾತ್ರ ಹೆಂಡತಿ. ಹದಿನೈದನೇ ದಿನ ಚೀಲದ ತುಂಬ ಬಿಳಿ ಬೂಸ್ಟು ಕಂಡದ್ದೇ ತಡ, ರೇಗಿಬಿಟ್ಟರು.

"ಕೈ ತೊಳೀದೆ ಮುಟ್ಟಿದ್ದೀಯಲ್ಲೇ! ಎಲ್ಲಾ ಹಾಳಾಯ್ತು!"

ಚೀಲವನ್ನು ಇವರೇ ಹಿತ್ತಲಿಗೆ ಎಸೆದರು.

ವಾರದ ಮೇಲೆ ಮತ್ತೆ ಬೀಜ ಕೊಳ್ಳಲು ಹೋಗಿ ನಡೆದದ್ದು ಹೇಳಿದರೆ ಬೀಜದಂಗಡಿಯವನು ನಕ್ಕ. "ಆ ಬಿಳೀದು ಬಂದ್ರೇನೇ ಸಾರ್ ಅಣಬೆ ಏಳೋದು."

ದಾರಿಯುದ್ದಕ್ಕೂ 'ತಪ್ಪಾಯ್ತು ಕಣೇ' ಎಂಬ ಮಾತನ್ನು ಬಾಯಿಪಾಠ ಮಾಡುತ್ತ ಮನೆಗೆ ಬಂದರು. ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹುರಿದ ಅಣಬೆಯ ತಟ್ಟೆ ಮುಂದಿಟ್ಟಳು.

"ಹಿತ್ತಲಲ್ಲಿ ಎದ್ದಿತ್ತು. ಕೈ ತೊಳ್ಕೊಂಡೇ ಕಿತ್ತಿದ್ದೀನಿ, ತಿನ್ನಿ."