ಹೂಂ ಅನ್ನುವವನ ಶೇಂಗಾ ಹೊಲ

ಪರಮಶಿವಪ್ಪ ಒಳ್ಳೆಯ ಮನುಷ್ಯ ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ತಡೆಯಲಾಗುವುದಿಲ್ಲ. ಹಾಗೆ ಹೇಳುವವರು ಒಬ್ಬಿಬ್ಬರಲ್ಲ. ಶಿರಾಳಕೊಪ್ಪದ ನನ್ನ ಬೀಜ-ಗೊಬ್ಬರದ ಅಂಗಡಿಗೆ ತಾಳಗುಂದದ ಕಡೆಯಿಂದ ಬಂದವರೆಲ್ಲ, “ನಿಮ್ಮ ಷಡ್ಡಕರು ದೇವರಂಥೋರು ಬಿಡ್ರಿ ಮಲ್ಲಿಕಾರ್ಜುನಪ್ಪನೋರೆ, ಯಾರಿಗೂ ಇಲ್ಲ ಅಂದೋರಲ್ಲ” ಎನ್ನುತ್ತಾರೆ. ಇಲ್ಲ ಅನ್ನದಿರುವುದೇ ಅವನಿಗೆ ಹಿಡಿದ ರೋಗ ಎಂದು ನಾನಂದರೆ ನನ್ನನ್ನೇ ಕೆಟ್ಟವನು ಮಾಡಿ ಹೋಗುತ್ತಾರೆ. ಮಾಡಲಿ. ನಾನು ಸೊರಬದ ಕಡೆಯ ಜಡೆ ಎಂಬ ಊರಲ್ಲಿ ಹುಟ್ಟಿ ಬೆಳೆದವನು, ನನ್ನ ಬಾಯಿ ಮೊದಲಿಂದಲೂ ಹರಿತ.

ಅವನ ಹೆಂಡತಿ ನೀಲಾಂಬಿಕ ನನ್ನ ಹೆಂಡತಿಯ ತಂಗಿ. ಅವಳು ತಾಳಗುಂದದ ಆ ಮನೆಗೆ ಸೊಸೆಯಾಗಿ ಹೋದ ವರ್ಷವೇ ಗಂಡನ ಗುಣ ಗೊತ್ತಾಯಿತು. ಪರಮಶಿವಪ್ಪ ತನ್ನ ತಂಗಿಯನ್ನು ಕೇಳಿಕೊಂಡು ಬಂದ ಎರಡು ಮನೆಯವರಿಗೂ ಹೂಂ ಅಂದಿದ್ದ. ಇಬ್ಬರಲ್ಲಿ ಒಬ್ಬರಾದರೂ ಹಿಂದೆ ಸರಿದಾರು ಎಂದು ಅವನ ಲೆಕ್ಕಾಚಾರ. ಇಬ್ಬರೂ ಒಂದೇ ಸೋಮವಾರ ಹೂವು-ಹಣ್ಣು ಹಿಡಿದು ಬಂದರು! ಒಂದು ಗುಂಪನ್ನು ಪಡಸಾಲೆಯಲ್ಲೂ ಇನ್ನೊಂದನ್ನು ಹಿತ್ತಲಲ್ಲೂ ಕೂರಿಸಿ, ಎರಡೂ ಕಡೆ ಉಪ್ಪಿಟ್ಟು ಕೊಡಿಸಿ, ನಗುತ್ತಾ ಓಡಾಡುತ್ತಿದ್ದನಂತೆ ಈ ಮಹಾಶಯ. ಕೊನೆಗೆ ಹಿತ್ತಲಿನವರಿಗೆ ಕೈಮುಗಿದು, ಬೈಸಿಕೊಂಡು, ಅವರನ್ನು ಕಳಿಸಿದವಳು ನೀಲಾಂಬಿಕ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅವನದು. ಎದುರಿಗಿದ್ದವರ ಮುಖ ಒಂದು ಗಳಿಗೆ ಬಾಡಬಾರದು, ಆಮೇಲೆ ಊರೇ ಹೊತ್ತಿ ಉರಿದರೂ ಚಿಂತೆಯಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ತೊಂಬತ್ತಾರರ ಸಂಕ್ರಾಂತಿ ಕಳೆಯುತ್ತಿದ್ದಂತೆ ಊರಿಗೆ ಕಂಪ್ಯೂಟರಿನವರು ಬಂದರು.

ಬಂದವರು ರೇಣುಕಾಪ್ರಸಾದ್ ಎಂಬ ಕೃಷಿ ವಿಜ್ಞಾನಿ. ಅವರ ಕಂಪ್ಯೂಟರಿನೊಳಗೆ ಲೆಕ್ಕದಲ್ಲೇ ಒಂದು ಶೇಂಗಾ ಬೆಳೆ ಬೆಳೆಯುತ್ತಿತ್ತು. ಹೊಲದ ಮಣ್ಣು ಎಂಥದ್ದು, ಬಿಸಿಲು ಎಷ್ಟು, ಬಿತ್ತಿದ್ದು ಯಾವತ್ತು, ನೀರು ಬಿಟ್ಟದ್ದು ಯಾವತ್ತು, ಇಷ್ಟನ್ನು ಅದಕ್ಕೆ ತಿನ್ನಿಸಿದರೆ, ಬೇರಿನ ಬುಡದಲ್ಲಿ ಇನ್ನೆಷ್ಟು ನೀರು ಉಳಿದಿದೆ, ಮುಂದಿನ ನೀರು ಯಾವಾಗ ಬಿಡಬೇಕು ಎಂದು ಅದು ಹೇಳುತ್ತಿತ್ತು. ಬೋರ್‌ವೆಲ್ ನೀರೂ ಉಳಿಯಬೇಕು, ಬೇಸಿಗೆ ಶೇಂಗಾ ಇಳುವರಿಯೂ ಬರಬೇಕು ಎಂಬುದು ಉದ್ದೇಶ. ಒಳ್ಳೆಯದೇ. ನಾನು ಕಂಪ್ಯೂಟರನ್ನು ಬೈಯುವವನಲ್ಲ. ಪಾಪ, ಅದು ಹಾಕಿದ್ದನ್ನು ತಿನ್ನುವ ಪ್ರಾಣಿ. ಹಾಕುವ ಕೈ ಮಾತ್ರ ಸರಿಯಿರಬೇಕು.

ಮಾದರಿ ಹೊಲಕ್ಕೆ ಯಾರು ಜಾಗ ಕೊಡುತ್ತೀರಿ ಎಂದು ಸಾಹೇಬರು ಕೇಳಿದಾಗ ಹೂಂ ಅಂದವನು ಯಾರೆಂದು ಬೇರೆ ಹೇಳಬೇಕೆ? ಅವನ ಹೊಲದ ಬದುವಿಗೆ ಬೋರ್ಡು ನೆಟ್ಟರು. ಅಲ್ಲಿ ನೋಡಿದ್ದರ ಮೇಲೆ ಲೆಕ್ಕ ಸರಿಮಾಡಿಕೊಂಡು ಸುತ್ತಲಿನ ಹೊಲಗಳಿಗೂ ಸಲಹೆ ಕೊಡುವುದೆಂದಾಯಿತು. ಆ ಸಲಹೆಯನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದವಳು ಪಕ್ಕದ ಹೊಲದ ತಿಮ್ಮಮ್ಮ.

ತಿಮ್ಮಮ್ಮನ ಗಂಡ ಸಣ್ಣಬೀರಪ್ಪ ಬೋರು ಕೊರೆಸಿ, ಅದರ ನೀರಲ್ಲಿ ಎರಡು ಬೆಳೆ ತೆಗೆಯುವಷ್ಟರಲ್ಲಿ ಹೋಗಿಬಿಟ್ಟಿದ್ದ. ಅವನ ತಮ್ಮ ರಂಗಪ್ಪನಿಗೆ ಆ ಹೊಲದ ಮೇಲೆ ಕಣ್ಣು. ಹೆಂಗಸಿಗೆ ನೀರಾವರಿ ಬೆಳೆ ಆಗಿಬರುವುದಿಲ್ಲ, ಹೊಲ ನಾನು ಮಾಡುತ್ತೇನೆ, ಅತ್ತಿಗೆಗೆ ಊಟಕ್ಕೆ ಕಾಳು ಅಳೆಯುತ್ತೇನೆ ಎಂದು ಅವನ ವಾದ. ನನ್ನ ಗಂಡನ ಹೊಲ ನಾನೇ ಮಾಡುತ್ತೇನೆ ಎಂದು ಇವಳ ಹಟ. ಪರಮಶಿವಪ್ಪನ ಕಟ್ಟೆಯ ಮೇಲೆ ಪಂಚಾಯಿತಿ ಆಯಿತು. ಈ ಬೇಸಿಗೆ ಶೇಂಗಾ ಚೆನ್ನಾಗಿ ತೆಗೆದರೆ ಹೊಲ ತಿಮ್ಮಮ್ಮನ ಕೈಯಲ್ಲೇ, ಕೆಟ್ಟರೆ ರಂಗಪ್ಪನಿಗೆ ಎಂದು ತೀರ್ಮಾನ. ಗಂಡಸರ ಬೆಳೆ ಎಷ್ಟು ಸಲ ಕೆಟ್ಟಿಲ್ಲ, ಆಗೆಲ್ಲ ಅವರ ಹೊಲ ಯಾರು ಕಿತ್ತುಕೊಂಡರು ಎಂದು ಒಬ್ಬನೂ ಕೇಳಲಿಲ್ಲ, ಥೂ! ತಿಮ್ಮಮ್ಮ ಒಪ್ಪಿದಳು. ಇನ್ನೇನು ಮಾಡಿಯಾಳು? ಪರಮಶಿವಪ್ಪ ಇಬ್ಬರಿಗೂ ಹೂಂ ಅಂದ.

ಆ ವರ್ಷ ಮಾರ್ಚಿನಲ್ಲಿ ಇಬ್ಬರ ಹೊಲಕ್ಕೂ, ಕಾಯಿ ಗಟ್ಟಿಯಾಗಲು ಹಾಕುವ ಜಿಪ್ಸಂ ಚೀಲ ಇಳಿಸಲು ನಾನೇ ಗಾಡಿಯ ಜೊತೆ ಹೋದೆ. ಶೇಂಗಾ ಹೂವು ಬಾಡಿದ ಮೇಲೆ ಬುಡದಿಂದ ಸೂಜಿಯಂಥದ್ದು ಕೆಳಗೆ ಬಾಗಿ ಮಣ್ಣಿಗೆ ಇಳಿಯುತ್ತದೆ, ಅದರ ತುದಿಯಲ್ಲೇ ಕಾಯಿ ಕಟ್ಟುವುದು. ಆ ಹೊತ್ತಿಗೆ ಮಣ್ಣು ಮೆತ್ತಗಿರಬೇಕು. ತಿಮ್ಮಮ್ಮನ ಹೊಲದಲ್ಲಿ ಕಾಲಿಟ್ಟರೆ ನೆಲ ರೊಟ್ಟಿಯ ಹೆಂಚಿನಂತೆ ಕಾದು ಗಟ್ಟಿಯಾಗಿತ್ತು. ಸೂಜಿಗಳು ಗಾಳಿಯಲ್ಲೇ ನೇತಾಡಿ ತುದಿ ಕಪ್ಪಾಗಿದ್ದವು.

“ಇದೆಂಥದೇ ಮಾರಾಯ್ತಿ, ನೀರು ಯಾಕೆ ಬಿಟ್ಟಿಲ್ಲ?” ಅಂದೆ.

“ಇನ್ನೂ ನಾಕು ದಿನ ತಡೀಬೇಕು ಅಂದಾರ್ರಿ ಸಾಹೇಬ್ರು. ಮಣ್ಣಾಗೆ ನೀರೈತಂತೆ. ನನ್ನ ಕಣ್ಣಿಗೆ ಕಾಣ್ತಿಲ್ಲ. ಜೀವ ತಡೀದೆ ಗೌಡ್ರನ್ನ ಕೇಳಿದೆ. ನಾನೂ ಹಂಗೇ ಒಣಗಿಸೀನಿ ಕಣವ್ವಾ, ಹೆದರಬ್ಯಾಡ ಅಂದ್ರು. ಅವರ ಬೆಳೆ ನೋಡ್ರಿ, ಎಷ್ಟು ಚಂದೈತೆ.”

ಅವಳು ಗೌಡ್ರು ಅಂದದ್ದು ನಮ್ಮ ಪರಮಶಿವಪ್ಪನನ್ನೇ. ಬದು ದಾಟಿ ಅವನ ಹೊಲಕ್ಕೆ ಹೋದೆ. ಕಾಲು ಕಣಕಾಲಿನ ತನಕ ಹೂತುಕೊಂಡಿತು. ಸುತ್ತ ನರಪಿಳ್ಳೆ ಇಲ್ಲ, ಪಂಪು ತನ್ನಷ್ಟಕ್ಕೆ ತಾನು ಗುಂಯ್ ಅನ್ನುತ್ತಿದೆ. ಸ್ಟಾರ್ಟರನ್ನು ಆಟೋಗೆ ಹಾಕಿಬಿಟ್ಟಿದ್ದ. ಕರೆಂಟು ಬಂದಾಗಲೆಲ್ಲ ಪಂಪು ತಾನೇ ಶುರುವಾಗುವುದು, ಹೋದಾಗ ನಿಲ್ಲುವುದು. ನಮ್ಮ ಕಡೆ ಬಹಳ ಜನ ಮಾಡುವುದೇ ಇದು. ಕರೆಂಟು ಬರುವ ಹೊತ್ತು ಶಿವನಿಗೂ ಗೊತ್ತಿಲ್ಲದಿರುವಾಗ ಅದನ್ನು ತಪ್ಪು ಅನ್ನಲಾರೆ. ಆದರೆ ಪ್ರತಿ ಮಂಗಳವಾರ ಜೀಪಿನಲ್ಲಿ ಬರುವ ಸಾಹೇಬರಿಗೆ ಇವನು ಹೇಳುತ್ತಿದ್ದದ್ದು, “ನೀವು ಹೇಳಿದಷ್ಟೇ ಬಿಟ್ಟೀನಿ ಸಾರ್” ಎಂದು. ಅವರೋ, ಕಟ್ಟೆಯ ಮೇಲೆ ಮಂಡಕ್ಕಿ-ಮೆಣಸಿನಕಾಯಿ ತಿಂದು, ಆಳಿನಿಂದ ನಾಲ್ಕು ಗಿಡ ಕೀಳಿಸಿ ತರಿಸಿಕೊಂಡು, ಬೂಟಿಗೆ ಕೆಸರು ತಾಗಿಸಿಕೊಳ್ಳದೆ ಹೋಗುವವರು. ಇಷ್ಟು ಕಡಿಮೆ ನೀರಿಗೆ ಗಿಡ ಇಷ್ಟು ಸೊಂಪಾಗಿದೆಯಲ್ಲ, ಹಾಗಾದರೆ ಇಲ್ಲಿನ ಮಣ್ಣು ನಾವಂದುಕೊಂಡದ್ದಕ್ಕಿಂತ ಹೆಚ್ಚು ನೀರು ಹಿಡಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮಣ್ಣಿನ ಗುಣವನ್ನೇ ತಿದ್ದಿದರು. ಅದು ಸುತ್ತಲಿನವರಿಗೆಲ್ಲ ನೀರಿನ ಅಂತರವನ್ನು ಇನ್ನೂ ಉದ್ದ ಮಾಡಿತು. ಪಾಲಿಸಿದವಳು ಕೆಟ್ಟಳು.

ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದೆ. ಅವನು ಬೇಸರ ಮಾಡಿಕೊಳ್ಳಲೂ ಇಲ್ಲ.

“ಹಂಗಲ್ಲಣ್ಣಾ, ಅಷ್ಟು ದೂರದಿಂದ ಬಂದು ಪ್ರೀತಿಯಿಂದ ಕೇಳ್ತಾರೆ. ಮನೀಗೆ ಬಂದ ದೊಡ್ಡ ಮನುಷ್ಯರ ಮುಂದೆ, ನೀವು ಹೇಳಿದಂಗೆ ಮಾಡಿಲ್ಲ ಅನ್ನಾಕಾಗ್ತತಾ?”

“ತಿಮ್ಮಮ್ಮನಿಗೆ ಯಾಕೋ ಸುಳ್ಳು ಹೇಳಿದೆ? ಅವಳ ಹೊಲ ಹೋಗ್ತದೆ ಅಂತ ಗೊತ್ತಿಲ್ವಾ ನಿಂಗೆ?”

“ಆಕೀಗೆ ನಿಜ ಹೇಳಿದ್ರೆ ಸಾಹೇಬ್ರ ಕಿವೀಗೆ ಬೀಳ್ತತಲ್ಲಣ್ಣ.”

ಬರುವ ಮಂಗಳವಾರ ಎಲ್ಲ ಒಪ್ಪಿಕೊಂಡುಬಿಡು ಅಂದೆ. ಹೂಂ ಅಣ್ಣಾ ಅಂದ. ಮಂಗಳವಾರ ಬಂದಾಗ ಅವನು ಬಾಯಿ ಬಿಡಲಿಲ್ಲವೆಂದು ಆಮೇಲೆ ನೀಲಾಂಬಿಕ ಹೇಳಿದಳು. ಅವತ್ತು ಊರು ಬಿಡುವ ಮುಂಚೆ ನಾನೇ ತಿಮ್ಮಮ್ಮನ ಹತ್ತಿರ ಹೋಗಿ, ಅವನು ಸುಳ್ಳ, ಈಗಲೇ ನೀರು ಬಿಡು ಅಂದೆ. “ಗೌಡ್ರು ಸುಳ್ಳು ಹೇಳ್ತಾರೇನ್ರಿ?” ಎಂದು ನನ್ನನ್ನೇ ಅನುಮಾನದಿಂದ ನೋಡಿದಳು. ಷಡ್ಡಕರ ಹೊಟ್ಟೆಕಿಚ್ಚು ಅಂದುಕೊಂಡಿರಬೇಕು. ಆದರೂ ಕರೆಂಟು ಬಂದ ಕೂಡಲೇ ನೀರು ಬಿಟ್ಟಳು. ಮೊದಲ ಹೂವಿನ ಸೂಜಿಗಳೆಲ್ಲ ಅಷ್ಟರಲ್ಲಿ ಒಣಗಿ ಹೋಗಿದ್ದವು.

ಕೊಯ್ಲಿನ ಹೊತ್ತಿಗೆ ಕ್ಷೇತ್ರೋತ್ಸವ ಇಟ್ಟರು. ಮಾದರಿ ಹೊಲದ ಬದುವಿನ ಪಕ್ಕ ಶಾಮಿಯಾನ, ಕುರ್ಚಿ, ಮೈಕು, ನೀಲಾಂಬಿಕ ಮಾಡಿಸಿದ ಹೋಳಿಗೆ ಊಟ. ಪರಮಶಿವಪ್ಪನ ಗಿಡ ಕಿತ್ತರೆ ಗೊಂಚಲು ಗೊಂಚಲು ಕಾಯಿ. ಜನ ಚಪ್ಪಾಳೆ ತಟ್ಟಿದರು. ತಿಮ್ಮಮ್ಮನ ಗಿಡ ಕಿತ್ತರೆ ಮೇಲೆ ಹಸಿರೋ ಹಸಿರು, ಬುಡದಲ್ಲಿ ಅಲ್ಲೊಂದು ಇಲ್ಲೊಂದು ಜೊಳ್ಳು. ರಂಗಪ್ಪ ಮೀಸೆಯಡಿ ನಕ್ಕ.

“ಒಂದೇ ಬೀಜ, ಒಂದೇ ಮಣ್ಣು, ಒಂದೇ ಸಲಹೆ. ವ್ಯತ್ಯಾಸ ಆಗಿರೋದು ಪಾಲಿಸೋದರಲ್ಲಿ” ಎಂದು ಸಾಹೇಬರು ಮೈಕಿನಲ್ಲಿ ಹೇಳಿದರು. “ಪರಮಶಿವಪ್ಪನವರು ನಾವು ಹೇಳಿದ ದಿನ ಬಿಟ್ಟು ಬೇರೆ ದಿನ ಒಂದು ಹನಿ ನೀರು ಬಿಟ್ಟಿಲ್ಲ. ಅಲ್ಲವೇ?”

“ಹೌದು ಸಾರ್” ಅಂದ.

ಅವನ ಬಾಯಿ ಮುಚ್ಚಿತ್ತೋ ಇಲ್ಲವೋ, ಕರೆಂಟು ಬಂತು. ಪಂಪು ತಾನೇ ಗುಂಯ್ ಅಂದಿತು. ಕೊಳವೆಯಿಂದ ನೀರು ದಬದಬ ಬಿದ್ದು, ಕಾಲುವೆ ತುಂಬಿ, ಬಲಿತು ನಿಂತ ಶೇಂಗಾದೊಳಗೆ ನುಗ್ಗಿತು. ಪಂಪಿನ ಮನೆಯ ಬಾಗಿಲು ಮುಚ್ಚಿತ್ತು, ಒಳಗೆ ಯಾರೂ ಇಲ್ಲ. ಅಲ್ಲಿದ್ದ ರೈತರಲ್ಲಿ ಅದರ ಅರ್ಥ ತಿಳಿಯದವರು ಒಬ್ಬರೂ ಇರಲಿಲ್ಲ. ಸಾಹೇಬರಿಗೂ ತಿಳಿಯಿತು, ಮುಖ ಹುಳ್ಳಗಾಯಿತು.

ತಿಮ್ಮಮ್ಮ ಮುಂದೆ ಬಂದಳು. “ಸಾಹೇಬ್ರೆ, ಈ ನೀರನ್ನೂ ಕಂಪ್ಯೂಟರಿಗೆ ಬರಕಳ್ರಿ” ಅಂದಳು.

“ಹೂಂ ಸಾರ್, ಬರಕಳ್ರಿ” ಅಂದ ಪರಮಶಿವಪ್ಪ. ಅವನ ಬಾಯಿಂದ ಅದು ತಾನಾಗಿ ಬಂದುಬಿಟ್ಟಿತು.

ಸಾಹೇಬರು ಗಂಟಲು ಸರಿಮಾಡಿಕೊಂಡು, “ಈ ವರ್ಷದ್ದು ಮುಗೀತಲ್ಲಮ್ಮಾ. ಮೊದಲು ಊಟ ಮಾಡೋಣ, ಆರಿಹೋಗ್ತದೆ” ಅಂದರು.

“ಹೌದು ಸಾರ್, ಆರಿಹೋಗ್ತತೆ, ಏಳ್ರಿ” ಅಂದ ಅವನೇ.

ಎಲ್ಲರೂ ಎದ್ದರು! ಊರಿನ ಹಿರಿಯರೂ ಎದ್ದರು, ಎಲೆಯ ಮುಂದೆ ಸಾಲಾಗಿ ಕೂತರು. ನಾನು ಕೂಗಾಡಲು ಹೋದೆ. ನೀಲಾಂಬಿಕ ಕೈ ಹಿಡಿದು, “ಬಂದ ಜನರ ಮುಂದೆ ಬ್ಯಾಡ್ರಿ ಭಾವಾ” ಎಂದು ಗೋಗರೆದಳು. ಆದರೂ ಕೂಗಿದೆ. ಏನು ಕೂಗಿದರೂ ತುಪ್ಪ ಬಡಿಸುತ್ತಲೇ ಇದ್ದರು, ಜನ ತಿನ್ನುತ್ತಲೇ ಇದ್ದರು. ಹೋಳಿಗೆ ಮುರಿಯುವ ಆ ಕೈಗಳನ್ನು ನೋಡಿ ನನಗೆ ಅಸಹ್ಯವಾಯಿತು.

ರಂಗಪ್ಪ ಅದೇ ಸಮಯ ನೋಡಿ ಶುರುಮಾಡಿದ. “ಗೌಡ್ರೆ, ನಿಮ್ಮ ಕಟ್ಟೆ ಮ್ಯಾಲೇ ಮಾತಾಗಿದ್ದು. ಬೆಳೆ ಕೆಟ್ಟೈತೆ. ಹೊಲ ನಂದು ಅಲ್ಲೇನ್ರಿ?”

ಊಟದ ಸಾಲಿನವರೆಲ್ಲ ಪರಮಶಿವಪ್ಪನ ಕಡೆ ತಿರುಗಿದರು. ಅತ್ತ ಪಂಪು ಗುಂಯ್ ಅನ್ನುತ್ತಲೇ ಇತ್ತು. ಬೆಳೆ ಕೆಡಿಸಿದ್ದು ನನ್ನ ಸುಳ್ಳು, ಆಕೆಯದೇನೂ ತಪ್ಪಿಲ್ಲ ಎಂದು ಅವನೊಂದು ಮಾತು ಆಡಿದ್ದರೆ ಆ ಹಿರಿಯರು ಮೀರುತ್ತಿರಲಿಲ್ಲ. ತಿಮ್ಮಮ್ಮ ಅವನ ಬಾಯನ್ನೇ ನೋಡುತ್ತಿದ್ದಳು. ಅವನು ಸಾಹೇಬರ ಮುಖ ನೋಡಿದ, ರಂಗಪ್ಪನ ಮುಖ ನೋಡಿದ.

“ಹೂಂನಪ್ಪಾ” ಅಂದ.

ತಿಮ್ಮಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. ಸೆರಗಿನ ಗಂಟು ಬಿಚ್ಚಿ, ತನ್ನ ಪಂಪಿನ ಮನೆಯ ಕೀಲಿಕೈ ತೆಗೆದು, ಪರಮಶಿವಪ್ಪನ ಎಲೆಯಲ್ಲಿ ಹೋಳಿಗೆಯ ಮೇಲೆ ಇಟ್ಟಳು. “ನೀವೇ ಕೊಡ್ರಿ ಗೌಡ್ರೆ, ನಿಮ್ಮ ಕೈಯಾರೆ ಕೊಡ್ರಿ” ಎಂದು ಹೇಳಿ ಬದು ಹಿಡಿದು ನಡೆದಳು.

ಪರಮಶಿವಪ್ಪ ಕೀಲಿಕೈ ಎತ್ತಿಕೊಂಡ. ಅದಕ್ಕೆ ಮೆತ್ತಿದ್ದ ತುಪ್ಪವನ್ನು ಪಂಚೆಗೆ ಒರೆಸಿ, ರಂಗಪ್ಪನ ಕೈಗೆ ಕೊಟ್ಟ.