ಗೋಡೆಗೆ ಬಿದ್ದ ಕವಿತೆ

ಗೆಳೆಯರೇ, ಇವತ್ತು ಭಾನುವಳ್ಳಿಯ ಮಹಿಳಾ ಸಂಘದಲ್ಲಿ ಕೈತೋಟದ ಚಿತ್ರ ತೋರಿಸಬೇಕಿತ್ತು. ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಸಿಕ್ಕಿಸಿದರೂ ಗೋಡೆ ಖಾಲಿ.

"ನನ್ನ ಹೊಲಿಗೆ ಮಿಷಿನ್ನೂ ಹಿಂಗೇ ಮುನಿಸ್ಕೊಂತೈತ್ರಿ ಮೇಡಂ," ಎಂದು ಟೇಲರ್ ಶಬಾನಾ ವೈರು ಕಿತ್ತು, ಊದಿ, ಮತ್ತೆ ಚುಚ್ಚಿದಳು. ಗೋಡೆ ಬೆಳಗಿತು. ಅದರ ತುಂಬ ನನ್ನ ಕವಿತೆ! ವರ್ಷಗಳಿಂದ ಯಾರಿಗೂ ತೋರಿಸದೆ ತಿದ್ದುತ್ತಿದ್ದದ್ದನ್ನು ಬೆಳಿಗ್ಗೆ ಮುಚ್ಚಲು ಮರೆತಿದ್ದೆ. ಮುಚ್ಚಲು ಗಾಬರಿಯಿಂದ ಲ್ಯಾಪ್‌ಟಾಪಿಗೆ ಕೈ ಹಾಕಿದೆ.

"ತಡೀರಿ, ಮುಚ್ಚಬ್ಯಾಡ್ರಿ!" ಎಂದು ಎಲ್ಲರೂ ಜೋರಾಗಿ ಓದಿಯೇಬಿಟ್ಟರು.

"ಚಲೋ ಐತೆ. ಕೊನೇ ಸಾಲು ಬ್ಯಾಡ ಬಿಡವ್ವ, ಅದ್ರ ಮ್ಯಾಲಿನ ಸಾಲಿಗೇ ಮುಗದೈತೆ," ಎಂದರು ಮುಂದೆ ಕೂತಿದ್ದ ಗೌರಜ್ಜಿ.

ಮತ್ತೊಮ್ಮೆ ಓದಿದೆ. ಅಜ್ಜಿಯ ಮಾತು ನಿಜ. ಅಲ್ಲೇ ಅಳಿಸಿದೆ. ಗೋಡೆಯಿಂದ ಸಾಲು ಮಾಯವಾದದ್ದೇ ತಡ, ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಕವಿತೆಗೆ ಬಂದ ಮೊದಲ ಚಪ್ಪಾಳೆ, ಅಳಿಸಿದ ಸಾಲಿನ ಪಾಲಾಯಿತು.