ಪಾರ್ಚ್‌ಮೆಂಟಿಗೆ ತಾಗಬಾರದ ಹೊಗೆ

ಮೊನ್ನೆ ಗೆಳತಿಯೊಬ್ಬಳು ತಂದುಕೊಟ್ಟ ಕಾಫಿಪುಡಿಯ ಪೊಟ್ಟಣವನ್ನು ಬಿಚ್ಚಿದೆ. ಪರಿಮಳದ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು: ಹಸಿ ಸೌದೆಯ ಹೊಗೆ. ಒಣಗಿಸುವಾಗ ಎಲ್ಲೋ ಬೀಜಕ್ಕೆ ತಾಗಿರಬೇಕು. ಆ ಒಂದು ಉಸಿರಿನಲ್ಲಿ ಬಾಳೂರಿನ ಬಳಿಯ ನಮ್ಮ ಲೈನುಮನೆ ಕಣ್ಣೆದುರು ನಿಂತಿತು. ಅದರ ಬಾಗಿಲಲ್ಲಿ, ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನರ್ಸಮ್ಮ...

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಅಮ್ಮ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಿದ್ದಳು. ಕಾರ್ಮಿಕರಿಗೆಂದು ಕಟ್ಟಿಸಿದ ಸಾಲಿನ ಕೊನೆಯ ಮನೆ ನಮ್ಮದು. ಅಡುಗೆಕೋಣೆಗೆ ಕಿಟಕಿಯಿರಲಿಲ್ಲ, ಹೊಗೆಗೂಡೂ ಇರಲಿಲ್ಲ. ಒದ್ದೆ ಸೌದೆ ಉರಿದದ್ದಕ್ಕಿಂತ ಹೊಗೆಯಾಡಿದ್ದೇ ಹೆಚ್ಚು. ಗಂಡಸರು ಎದ್ದು ಜಗಲಿಗೆ ಹೋಗುತ್ತಿದ್ದರು. ಹೆಂಗಸರು ಒಳಗೇ ಉಳಿಯುತ್ತಿದ್ದರು. ಇದನ್ನು ಯಾರೂ ಅನ್ಯಾಯವೆಂದು ಕರೆಯುತ್ತಿರಲಿಲ್ಲ. ಏರು ಹತ್ತುವಾಗ ಅಮ್ಮನ ಎದೆ ಬಿಗಿಯತೊಡಗಿದಾಗಲೂ ನಾವೆಲ್ಲ ಅದಕ್ಕೆ ಕೊಟ್ಟ ಹೆಸರು ‘ಪಿತ್ತ’. ಅದಕ್ಕೆ ಶುಂಠಿ ಕಷಾಯ ಕುದಿಸಲು ಅದೇ ಒಲೆಯ ಮುಂದೆ ಅವಳೇ ಕೂರಬೇಕಿತ್ತು.

ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಲೈನಿಗೆ ಬರುತ್ತಿದ್ದುದು ಮಕ್ಕಳಿಗೆ ಲಸಿಕೆ ಹಾಕಲು. ಹೆಂಗಸರ ರಕ್ತದೊತ್ತಡ ನೋಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರಾಗಿಯೇ ನೋಡುತ್ತಿದ್ದರು. ಒಮ್ಮೆ ಅಮ್ಮನ ತೋಳಿನ ಪಟ್ಟಿ ಬಿಚ್ಚುತ್ತಾ ಗದರಿದರು.

“ಪಿತ್ತ ಅಲ್ಲ ಮಾರಾಯ್ತಿ, ಹೃದಯ. ನೀ ಬೀಡಿ ಸೇದದಿದ್ರೂ ಈ ಒಲೆ ನಿನ್ ಕೈಲಿ ಸೇದಿಸ್ತಾ ಇದೆ.”

ಹೊಗೆ ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ, ಅದರ ಸೂಕ್ಷ್ಮ ಕಣಗಳು ರಕ್ತಕ್ಕಿಳಿದು ನಾಳಗಳನ್ನು ಪೆಡಸಾಗಿಸುತ್ತವೆ, ಆಗ ಹೃದಯ ಹೆಚ್ಚು ದುಡಿದು ಸೋಲುತ್ತದೆ ಎಂದು ತಿಳಿಸಿ ಹೇಳಿದರು. ಹೇಳಿ ಮುಗಿಸಿದವರೇ ಒಂದು ಚಿಟಿಕೆ ನಶ್ಯ ಏರಿಸಿದರು.

ಅಮ್ಮ ಬಿಡಲಿಲ್ಲ. “ಮತ್ತೆ ನಿಮ್ಮ ನಶ್ಯ, ನರ್ಸಮ್ಮ?”

“ಅದು ನಾನಾಗಿ ಮಾಡ್ಕೊಂಡ ಪಾಪ ಕಣೇ. ನಿಂದು ಬೇರೆಯವರು ನಿನ್ನ ತಲೆಗೆ ಕಟ್ಟಿದ್ದು.”

ಅವರೇ ಅಮ್ಮನನ್ನು ಮೂಡಿಗೆರೆಗೆ ಕರೆದೊಯ್ದರು. ಡಾಕ್ಟರು ಗುಳಿಗೆ ಬರೆದು, ಹೊಗೆಯಿಂದ ಅವಳನ್ನು ದೂರವಿಡದಿದ್ದರೆ ಗುಳಿಗೆಯೂ ಸಾಲದು ಎಂದರು. ನಾವು ಎಸ್ಟೇಟಿನ ಒಡೆಯರಾದ ಸಾಹುಕಾರರಲ್ಲಿ ಒಂದು ಹೊಗೆಗೂಡು ಕೇಳಿದೆವು. ಬಂದ ಉತ್ತರ, “ನೋಡೋಣ.”

ಆ ವರ್ಷ ಕೊಯ್ಲಿನ ನಡುವೆ ಅಕಾಲದ ಮಳೆ ಬಂತು. ಸಿಪ್ಪೆ ಸುಲಿದು ತೊಳೆದ ಬೀಜ, ಎಂದರೆ ಪಾರ್ಚ್‌ಮೆಂಟು, ಅಂಗಳದ ತುಂಬ ಒಣಗುತ್ತಿತ್ತು. ಎಲ್ಲರೂ ಓಡಾಡಿ ಮೂಟೆಗೆ ತುಂಬಿದರು. ಗೋದಾಮು ದೂರ, ನಮ್ಮ ಮನೆ ಹತ್ತಿರ. ಮೇಸ್ತ್ರಿ ಒಂದು ಮೂಟೆ ಹೊತ್ತು ನಮ್ಮ ಹೊಸ್ತಿಲು ದಾಟುವುದರಲ್ಲಿದ್ದ. ಸಾಹುಕಾರರು ಕೊಡೆ ಬಿಟ್ಟು ಓಡಿಬಂದರು.

“ಅಲ್ಲಿ ಬೇಡ ಮಾರಾಯ! ಹೊಗೆ ಹಿಡೀತದೆ, ಮಾಲು ಪೂರ್ತಿ ಹಾಳು!”

ಅಮ್ಮನನ್ನು ನೋಡಲು ಬಂದಿದ್ದ ನರ್ಸಮ್ಮ ಒಳಗಿನಿಂದ ಹೊರಬಂದರು. “ಹೌದೌದು ಸಾಹುಕಾರ್ರೇ, ಒಂದು ರಾತ್ರಿಗೇ ಹಾಳಾಗ್ತದೆ. ಇವಳು ಮದುವೆಯಾಗಿ ಬಂದಾಗಿನಿಂದ ಇಲ್ಲೇ ಇದ್ದಾಳೆ. ಇವಳನ್ನೂ ಪಾರ್ಚ್‌ಮೆಂಟು ಅಂತ ತಿಳ್ಕೊಳ್ಳಿ.”

ಯಾರೋ ಕಿಸಕ್ಕನೆ ನಕ್ಕರು. ಸಾಹುಕಾರರು ಮೇಸ್ತ್ರಿಗೆ ಗೋದಾಮಿನತ್ತ ಕೈ ತೋರಿಸಿ, ಮಳೆಯಲ್ಲಿ ನೆನೆಯುತ್ತಾ ಅವನ ಹಿಂದೆ ನಡೆದರು...

ಮಳೆಗಾಲಕ್ಕೆ ಮೊದಲು ನಮ್ಮ ಅಡುಗೆಕೋಣೆಗೆ ಹೊಗೆಗೂಡು ಬಂತು. ನರ್ಸಮ್ಮನಿಗೆ ಅಷ್ಟು ಸಾಲಲಿಲ್ಲ. “ಇವಳು ಪಾರ್ಚ್‌ಮೆಂಟಾದ್ರೆ ಉಳಿದ ಮನೆಯವರೇನು ಹೊಟ್ಟೋ?” ಎಂದು ಬಂದಾಗಲೆಲ್ಲ ಕೇಳಿ ಕೇಳಿ, ಇಡೀ ಸಾಲಿಗೆ ಹಾಕಿಸಿದರು.

ಮುಂದೆ ನಾನು ಮಲ್ಲಂದೂರಿನಿಂದ ಕಳಸದವರೆಗೆ ಲೈನುಮನೆಗಳನ್ನು ಸುತ್ತಿ ಹೊಗೆಗೂಡಿಗಾಗಿ ಎಸ್ಟೇಟಿನವರೊಡನೆ ವಾದಿಸಿದಾಗಲೆಲ್ಲ ನನ್ನ ಬಾಯಲ್ಲಿದ್ದುದು ಅವರ ಮಾತೇ. ಬೀಜಕ್ಕೆ ಹೊಗೆ ತಾಗಿದರೆ ನಷ್ಟವೆನ್ನುತ್ತೇವೆ. ಕೊಯ್ದವಳ ಹೃದಯಕ್ಕೆ ತಾಗಿದರೆ ಹಣೆಬರಹವೆನ್ನುತ್ತೇವೆ. ಈ ಸುಳ್ಳನ್ನು ಸುಳ್ಳೆಂದು ಕರೆಯಲು ನನಗೆ ಕಲಿಸಿದವರು ಅವರು. ವರ್ಗವಾಗಿ ಬಯಲುಸೀಮೆಗೆ ಹೋದರು. ತೀರಿಕೊಂಡ ಸುದ್ದಿ ನಮಗೆ ತಲುಪುವಾಗ ಕಾರ್ಯಗಳೆಲ್ಲ ಮುಗಿದಿದ್ದವು...

ಪೊಟ್ಟಣವನ್ನು ಅಮ್ಮನ ಕೈಗಿತ್ತೆ. ಇಂದಿಗೂ ಗುಳಿಗೆ ನುಂಗುತ್ತಾಳೆ, ಇಂದಿಗೂ ನಿಧಾನವಾಗಿ ಏರು ಹತ್ತುತ್ತಾಳೆ. ಮೂಸಿ ನೋಡಿ, “ಹೊಗೆ ಹಿಡಿದಿದೆ,” ಎಂದಳು. ಪೊಟ್ಟಣದ ಬಾಯಿ ಮಡಿಚುತ್ತಾ, “ಆಗ ನಮಗೆ ಈ ವಾಸನೆಯೇ ಗೊತ್ತಾಗ್ತಿರಲಿಲ್ಲ, ಅಲ್ವಾ?” ಎಂದಳು.

ಗೊತ್ತಾಗುವಂತೆ ಮಾಡಿದವರು ಈಗಿಲ್ಲ. ಮೂಸಿ ನೋಡಲು ಅಮ್ಮ ಇದ್ದಾಳೆ.